ಖಿನ್ನತೆಯ ಚಿಕಿತ್ಸೆ: ಮೊದಲ ಚೀಟಿ ಮತ್ತು ಎರಡನೇ ಭೇಟಿ

ಮನೋವೈದ್ಯರ ಓಪಿಡಿಗೆ ಬರುವ ವಯಸ್ಕರಲ್ಲಿ "ನನಗೆ ಖಿನ್ನತೆ ಇದೆ" ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. ಅವರು ತರುವ ಮಾತುಗಳೇ ಬೇರೆ. "ಮೈಯೆಲ್ಲ ಉರಿ ಉರಿ", "ನೆತ್ತಿ ಮೇಲೆ ಇರುವೆ ಹರಿದಂಗಾಗುತ್ತೆ", "ಎದೆ ಹಿಡ್ಕೊಂಡಂಗೆ", "ಕೈಕಾಲಲ್ಲಿ ಶಕ್ತೀನೇ ಇಲ್ಲ". ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಬಿಚ್ಚಿದರೆ ಎರಡು ವರ್ಷದ ದಾಖಲೆ: ಇಸಿಜಿ, ಎಂಡೋಸ್ಕೋಪಿ, ತಲೆಯ ಸಿಟಿ ಸ್ಕ್ಯಾನ್, ಮೂರು ಬೇರೆ ಬೇರೆ ಲ್ಯಾಬಿನ ರಕ್ತಪರೀಕ್ಷೆ. ಎಲ್ಲ ನಾರ್ಮಲ್. ಅದರೊಳಗೆ ನಾಲ್ಕಾಗಿ ಮಡಚಿಟ್ಟ ಒಂದು ಚೀಟಿ, ಅದರಲ್ಲಿ ಬಿ ಕಾಂಪ್ಲೆಕ್ಸ್, ಗ್ಯಾಸ್ ಗುಳಿಗೆ, ರಾತ್ರಿಗೆ ಆತಂಕ ತಗ್ಗಿಸಿ ನಿದ್ದೆ ತರುವ ಅಲ್ಪ್ರಜೋಲಾಂ 0.25.

ಆ ಕವರ್ ಹಿಡಿದು ಕೂತವರಿಗೆ "ನಿಮಗೇನೂ ಆಗಿಲ್ಲ, ಎಲ್ಲ ಮನಸ್ಸಿಂದು" ಎಂದರೆ ಚಿಕಿತ್ಸೆ ಅಲ್ಲಿಗೇ ಮುಗಿಯಿತು. ಉರಿ ನಿಜ, ನೋವು ನಿಜ, ಸುಸ್ತೂ ನಿಜ. ಮೊದಲ ಹತ್ತು ನಿಮಿಷದಲ್ಲಿ ಮನೋವೈದ್ಯ ಮಾಡಬೇಕಾದ ಕೆಲಸ ಆ ಕವರನ್ನು ತೆಗೆದು, ಒಂದೊಂದೇ ರಿಪೋರ್ಟ್ ನೋಡಿ, ಪಕ್ಕಕ್ಕಿಡುವುದು. ಅದನ್ನು ನೋಡದೆ ನೇರವಾಗಿ "ಮನೇಲಿ ಏನಾದ್ರೂ ತೊಂದರೇನಾ?" ಎಂದು ಶುರುಮಾಡಿದರೆ, "ಇಲ್ಲ ಸಾರ್, ಏನೂ ಇಲ್ಲ" ಎಂಬ ಉತ್ತರ ಬರುತ್ತದೆ, ಮುಂದಿನ ಸಲ ಅವರು ಬರುವುದಿಲ್ಲ.

ಮುಂದಿನ ಸಲ ಬರುತ್ತಾರೋ ಇಲ್ಲವೋ ಎಂಬುದರ ಮೇಲೇ ಈ ಕಾಯಿಲೆಯ ಚಿಕಿತ್ಸೆ ನಿಂತಿದೆ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಖಿನ್ನತೆ ಮತ್ತು ಆತಂಕದಂಥ ಸಾಮಾನ್ಯ ಮನೋರೋಗ ಇರುವವರಲ್ಲಿ ಸುಮಾರು 85% ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದಿತು. ಈ ಅಂಕಿ ಎಲ್ಲರಿಗೂ ಗೊತ್ತು, ಎಲ್ಲ ಭಾಷಣಗಳಲ್ಲೂ ಬರುತ್ತದೆ. ಅಷ್ಟಾಗಿ ಮಾತಿಗೆ ಬಾರದ ಇನ್ನೊಂದು ಗುಂಪಿದೆ: ಚಿಕಿತ್ಸೆ ಶುರುವಾಗಿ, ಹದಿನೈದು ದಿನಕ್ಕೋ ಎರಡು ತಿಂಗಳಿಗೋ ಕೈಬಿಟ್ಟವರು. ಇವರನ್ನು ನಾವು, ಅಂದರೆ ವೈದ್ಯರು, ಕೈಯಾರೆ ಕಳೆದುಕೊಳ್ಳುತ್ತೇವೆ.

ಮೊದಲ ಭೇಟಿಯಲ್ಲಿ ಕೇಳಬೇಕಾದ್ದು ಏನು? ಪುಸ್ತಕದ ಲೆಕ್ಕದಲ್ಲಿ ಒಂಬತ್ತು ಲಕ್ಷಣ: ಬೇಸರ, ಆಸಕ್ತಿ ಹೋಗುವುದು, ನಿದ್ದೆ, ಹಸಿವು, ಸುಸ್ತು, ಏಕಾಗ್ರತೆ, ಚಲನೆ ಮಂದವಾಗುವುದು ಅಥವಾ ಚಡಪಡಿಕೆ, ತಪ್ಪಿತಸ್ಥ ಭಾವ, ಸಾವಿನ ಯೋಚನೆ. ಇವುಗಳಲ್ಲಿ ಐದು, ಎರಡು ವಾರ, ಬಹುತೇಕ ಪ್ರತಿದಿನ ಇರಬೇಕು. ಬೇಸರ ಅಥವಾ ಆಸಕ್ತಿ ಹೋಗುವುದು ಇವೆರಡರಲ್ಲಿ ಒಂದು ಇರಲೇಬೇಕು. 2001ರಲ್ಲಿ ಪ್ರಕಟವಾದ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಇದನ್ನೇ 0ಯಿಂದ 27ರವರೆಗೆ ಅಂಕವಾಗಿಸುತ್ತದೆ. 10 ಮುಟ್ಟಿದರೆ ಗಮನ ಕೊಡಬೇಕು, 20 ಮುಟ್ಟಿದರೆ ತೀವ್ರ. ಅಂಕ ಉಪಯೋಗಕ್ಕೆ ಬರುವುದು ಮೊದಲ ದಿನಕ್ಕಿಂತ ಮುಂದಿನ ದಿನಗಳಲ್ಲಿ. 19 ಇದ್ದದ್ದು 11 ಆಯಿತೇ, 18ರಲ್ಲೇ ನಿಂತಿದೆಯೇ ಎಂಬುದು ಕಾಗದದ ಮೇಲೆ ಕಾಣುತ್ತದೆ.

"ಆಸಕ್ತಿ ಕಡಿಮೆಯಾಗಿದೆಯೇ?" ಎಂದು ಕೇಳಿದರೆ ಹಳ್ಳಿಯ ಹೆಣ್ಣುಮಗಳಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. "ಮುಂಚೆ ಏನು ಮಾಡಿದ್ರೆ ಖುಷಿ ಆಗ್ತಿತ್ತಮ್ಮ?" ಎಂದು ಕೇಳಿ. ಧಾರಾವಾಹಿ, ಭಜನೆ, ಹಸು ಮೈತೊಳೆಯುವುದು, ಮೊಮ್ಮಗು ಹೀಗೆ ಏನೋ ಒಂದು ಹೇಳುತ್ತಾರೆ. "ಈಗ?" ಎಂದು ಕೇಳಿ ಸುಮ್ಮನಿರಿ. "ಮಗು ಬಂದು ತೊಡೆ ಮೇಲೆ ಕೂತ್ರೂ ಬೇಡ ಅನ್ಸುತ್ತೆ" ಎಂಬ ಉತ್ತರ ಬಂದರೆ, ಅದು ಯಾವ ಅಂಕಕ್ಕಿಂತಲೂ ಗಟ್ಟಿ. ನಿದ್ದೆಯ ಬಗ್ಗೆ ಕೇಳುವಾಗ ಎಷ್ಟು ಗಂಟೆಗೆ ಎಚ್ಚರವಾಗುತ್ತದೆ ಎಂದೂ ಕೇಳಬೇಕು. ಬೆಳಗಿನ ಜಾವ ಮೂರು, ಮೂರೂವರೆಗೆ ಎಚ್ಚರವಾಗಿ, ಮತ್ತೆ ನಿದ್ದೆ ಹತ್ತದೆ, ಬೆಳಿಗ್ಗೆ ಹೊತ್ತು ಅತಿ ಕೆಟ್ಟದಾಗಿದ್ದು ಸಂಜೆಗೆ ಒಂದಿಷ್ಟು ಹಗುರವಾಗುತ್ತದೆ ಎಂದರೆ ಅದು ಖಿನ್ನತೆಯ ಗುರುತು, ಔಷಧಿ ಬೇಕಾಗುವ ಜಾತಿಯದು.

ಸಾವಿನ ಬಗ್ಗೆ ಕೇಳಲು ಎಷ್ಟೋ ವೈದ್ಯರೂ ಹಿಂಜರಿಯುತ್ತಾರೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬುದು ತಪ್ಪು ಕಲ್ಪನೆ. ಕೇಳಿದಾಗ ಹೆಚ್ಚಿನವರ ಮುಖದಲ್ಲಿ ಕಾಣುವುದು ಸಮಾಧಾನ, ಕೊನೆಗೂ ಒಬ್ಬರು ಕೇಳಿದರಲ್ಲ ಎಂದು. ಮೆಟ್ಟಿಲು ಮೆಟ್ಟಿಲಾಗಿ ಕೇಳಬೇಕು. ಬದುಕು ಸಾಕು ಅನಿಸಿದೆಯಾ? ಸತ್ತರೆ ವಾಸಿ ಅನಿಸಿದೆಯಾ? ಏನಾದರೂ ಮಾಡಿಕೊಳ್ಳಬೇಕು ಅಂತ? ಯಾವಾಗ, ಹೇಗೆ ಅಂತ ಯೋಚನೆ ಬಂದಿದೆಯಾ? ಕೊನೆಯ ಪ್ರಶ್ನೆಗೆ ಹೌದು ಎಂದರೆ ಅವರನ್ನು ಒಬ್ಬರನ್ನೇ ಮನೆಗೆ ಕಳಿಸುವಂತಿಲ್ಲ. ಮನೆಯವರನ್ನು ಒಳಗೆ ಕರೆದು, ಮನೆಯಲ್ಲಿ ಏನನ್ನು ತೆಗೆದಿಡಬೇಕು, ರಾತ್ರಿ ಜೊತೆಗೆ ಯಾರು ಮಲಗಬೇಕು ಎಂಬುದನ್ನು ಹೆಸರು ಹಿಡಿದು ನಿಗದಿ ಮಾಡಬೇಕು. ರೈತ ಕುಟುಂಬವಾದರೆ ಹೊಲದ ಔಷಧಿ ಮನೆಯಿಂದಲೇ ಹೊರಗೆ ಹೋಗಬೇಕು. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಅಲ್ಲಿನ ಆತ್ಮಹತ್ಯೆ ಪ್ರಮಾಣ ದೊಡ್ಡ ಮಟ್ಟದಲ್ಲಿ ಇಳಿಯಿತು. ಆ ಕ್ಷಣಕ್ಕೆ ಕೈಗೆ ಸಿಗದಿದ್ದರೆ ಬಹಳ ಜೀವಗಳು ಉಳಿಯುತ್ತವೆ. ಪೊಲೀಸ್ ಕೇಸಿನ ಭಯದಿಂದ ಮುಚ್ಚಿಡುವವರಿಗೆ ಒಂದು ಮಾತು: 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮು, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ.

ಇನ್ನೊಂದು ಪ್ರಶ್ನೆಗೆ ಎರಡೇ ನಿಮಿಷ ಸಾಕು, ಬಿಟ್ಟರೆ ಎರಡು ವರ್ಷ ಹಾಳು. "ಯಾವತ್ತಾದ್ರೂ ವಾರಗಟ್ಟಲೆ ನಿದ್ದೇನೇ ಬೇಡ ಅನ್ನೋ ಹಂಗೆ, ಮಾತು ಜಾಸ್ತಿ, ಖರ್ಚು ಜಾಸ್ತಿ, ಎಲ್ಲಾದಕ್ಕೂ ನುಗ್ಗೋ ಹಂಗೆ ಇದ್ದದ್ದುಂಟಾ?" ಇದನ್ನು ಮನೆಯವರಿಗೆ ಕೇಳಬೇಕು, ಏಕೆಂದರೆ ರೋಗಿಗೆ ಆ ದಿನಗಳು ಚೆನ್ನಾಗಿದ್ದ ದಿನಗಳಾಗಿಯೇ ನೆನಪಿರುತ್ತವೆ. ಉತ್ತರ ಹೌದಾದರೆ ಅದು ಬೈಪೋಲಾರ್ ಕಾಯಿಲೆಯ, ಅಂದರೆ ಉನ್ಮಾದ ಮತ್ತು ಖಿನ್ನತೆ ಎರಡೂ ಬಂದು ಹೋಗುವ ಕಾಯಿಲೆಯ ಖಿನ್ನತೆ. ಅಲ್ಲಿ ಖಿನ್ನತೆಯ ಗುಳಿಗೆ ಒಂದನ್ನೇ ಕೊಟ್ಟರೆ ಉನ್ಮಾದಕ್ಕೆ ತಿರುಗಬಹುದು. ಲಿಥಿಯಂ, ಕ್ವೆಟಿಯಾಪಿನ್, ಲ್ಯಾಮೊಟ್ರಿಜಿನ್ ಹೀಗೆ ದಾರಿಯೇ ಬೇರೆ.

ರಕ್ತಪರೀಕ್ಷೆ ಹೆಚ್ಚು ಬೇಡ. ಥೈರಾಯಿಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ, ಅರವತ್ತು ದಾಟಿದವರಿಗೆ ಸೋಡಿಯಂ. ಕುಡಿತ ಇದ್ದರೆ ಮೊದಲು ಅದನ್ನು ನಿಲ್ಲಿಸಿ ಮೂರು ನಾಲ್ಕು ವಾರ ನೋಡಬೇಕು, ಎಷ್ಟೋ ಜನರ ಬೇಸರ ಬಾಟಲಿಯ ಜೊತೆಗೇ ಇಳಿದಿರುತ್ತದೆ.

ಈಗ ಗುಳಿಗೆ. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಾಂಡ್ ಕುನ್ ಇಮಿಪ್ರಮಿನ್ ಖಿನ್ನತೆಗೆ ಕೆಲಸ ಮಾಡುತ್ತದೆಂದು ವರದಿ ಮಾಡಿದರು. 1987ರ ಕೊನೆಯಲ್ಲಿ ಅಮೆರಿಕದಲ್ಲಿ ಫ್ಲೂಯಾಕ್ಸಿಟಿನ್‌ಗೆ ಅನುಮತಿ ಸಿಕ್ಕಿತು. ಅಲ್ಲಿಂದಾಚೆಗೆ ಬಂದ ಹೊಸ ಗುಳಿಗೆಗಳು ಹಳೆಯವಕ್ಕಿಂತ ಹೆಚ್ಚು ಬಲಶಾಲಿಗಳೇನೂ ಆಗಿರಲಿಲ್ಲ, ಆದರೆ ಅವುಗಳ ಅಪಾಯ ಕಡಿಮೆ. ಆದ್ದರಿಂದ ಯಾವುದು ಶ್ರೇಷ್ಠ ಎಂಬ ಪ್ರಶ್ನೆಗಿಂತ ಈ ಮನುಷ್ಯನಿಗೆ ಯಾವುದು ಒಗ್ಗುತ್ತದೆ ಎಂಬ ಪ್ರಶ್ನೆ ಕೇಳಬೇಕು. ಸಾಮಾನ್ಯವಾಗಿ ಎಸ್ಸಿಟಲೋಪ್ರಾಮ್ 5 ಮಿ.ಗ್ರಾಂ., ಬೆಳಿಗ್ಗೆ ತಿಂಡಿ ಆದ ಮೇಲೆ, ಒಂದು ವಾರ. ಆಮೇಲೆ 10. ಹೃದಯದ ತೊಂದರೆ ಇರುವವರಿಗೆ, ಹಾಲುಣಿಸುವ ತಾಯಂದಿರಿಗೆ ಸರ್ಟ್ರಲಿನ್, 25ರಿಂದ ಶುರುಮಾಡಿ 50. ಊಟ ಸೇರದೆ, ನಿದ್ದೆ ಬಾರದೆ ಸೊರಗಿದವರಿಗೆ ರಾತ್ರಿ ಮಿರ್ಟಜಪಿನ್ 7.5 ಅಥವಾ 15. ತೂಕ ಈಗಾಗಲೇ ಹೆಚ್ಚಿದ್ದವರಿಗೆ ಇದು ಬೇಡ.

ಅಮಿಟ್ರಿಪ್ಟಿಲಿನ್ ಅಗ್ಗ, ಚೆನ್ನಾಗಿಯೂ ಕೆಲಸ ಮಾಡುತ್ತದೆ. ಆದರೆ ಅದನ್ನು ಕೊಡುವ ರೀತಿಯಲ್ಲಿ ಎರಡು ತಪ್ಪು ಮತ್ತೆ ಮತ್ತೆ ನಡೆಯುತ್ತವೆ. ಒಂದು, 10 ಅಥವಾ 25 ಮಿ.ಗ್ರಾಂ. ವರ್ಷಗಟ್ಟಲೆ ಕೊಟ್ಟು "ಔಷಧಿ ಹಿಡೀಲಿಲ್ಲ" ಎನ್ನುವುದು. ಆ ಪ್ರಮಾಣ ತಲೆನೋವಿಗೆ, ನರದ ನೋವಿಗೆ ಸಾಕು, ಖಿನ್ನತೆಗೆ ಸಾಮಾನ್ಯವಾಗಿ 75 ಮತ್ತು ಅದಕ್ಕಿಂತ ಮೇಲೆ ಬೇಕು. ಎರಡು, ಸಾವಿನ ಯೋಚನೆ ಇರುವವರ ಕೈಗೆ ತಿಂಗಳ ಗುಳಿಗೆ ಒಟ್ಟಿಗೆ ಕೊಡುವುದು. ಹೆಚ್ಚಾದರೆ ಇದು ಹೃದಯದ ಬಡಿತವನ್ನೇ ಕೆಡಿಸುತ್ತದೆ. ಅಂಥವರಿಗೆ ಬೇರೆ ಗುಳಿಗೆ ಬರೆಯಬೇಕು. ಆಗದಿದ್ದರೆ ಒಂದು ವಾರದ್ದು ಮಾತ್ರ, ಅದೂ ಮನೆಯವರ ಕೈಗೆ.

ಗುಳಿಗೆ ಬರೆದ ಮೇಲೆ ಮನೋವೈದ್ಯ ಹೇಳಲೇಬೇಕಾದ ನಾಲ್ಕು ವಾಕ್ಯಗಳಿವೆ, ಓಪಿಡಿಯ ನೂಕುನುಗ್ಗಲಿನಲ್ಲಿ ಮೊದಲು ಬಿಟ್ಟುಹೋಗುವುದೂ ಅವೇ. "ಮೊದಲ ವಾರ ಹೊಟ್ಟೆ ತೊಳಸುತ್ತೆ, ತಲೆ ಭಾರ ಅನ್ಸುತ್ತೆ, ಚಡಪಡಿಕೆ ಆಗಬಹುದು, ಬಹಳ ಜನಕ್ಕೆ ಎಂಟು ಹತ್ತು ದಿನದಲ್ಲಿ ಕಡಿಮೆ ಆಗುತ್ತೆ. ಗುಣ ಕಾಣೋಕೆ ಎರಡು ವಾರವಾದ್ರೂ ಬೇಕು, ಪೂರ್ತಿ ಗುಣಕ್ಕೆ ಒಂದೂವರೆ ಎರಡು ತಿಂಗಳು. ಇದು ನಿದ್ದೆ ಗುಳಿಗೆ ಅಲ್ಲ. ನಿಲ್ಲಿಸಬೇಕು ಅನ್ಸಿದ್ರೆ ನಿಲ್ಲಿಸೋ ಮುಂಚೆ ಒಂದು ಫೋನ್ ಮಾಡಿ." ಈ ಗುಳಿಗೆಗಳಲ್ಲಿ ತೊಂದರೆ ಮೊದಲು ಬರುತ್ತದೆ, ಲಾಭ ಆಮೇಲೆ. ಮೊದಲೇ ಹೇಳದಿದ್ದರೆ ಮೂರನೇ ದಿನ "ಗುಳಿಗೆ ಹೀಟು, ನನಗಾಗಲ್ಲ" ಎಂದು ಗುಳಿಗೆಯ ಸ್ಟ್ರಿಪ್ ಅಲಮಾರಿ ಸೇರುತ್ತದೆ. ಮೆದುಳಿನಲ್ಲಿ ಸಿರೋಟೋನಿನ್ ಎಂಬ ರಾಸಾಯನಿಕ ಕಡಿಮೆಯಾಗಿದೆ, ಗುಳಿಗೆ ಅದನ್ನು ತುಂಬುತ್ತದೆ ಎಂಬ ವಿವರಣೆ ಸುಲಭ, ಆದರೆ ಪೂರ್ತಿ ನಿಜವಲ್ಲ. ಸಿರೋಟೋನಿನ್ ಮೇಲಿನ ಪರಿಣಾಮ ಕೆಲವೇ ಗಂಟೆಗಳಲ್ಲಿ ಶುರುವಾಗುತ್ತದೆ, ಮನಸ್ಸು ತಿಳಿಯಾಗಲು ವಾರಗಳು ಬೇಕು. ಆ ನಡುವೆ ಮೆದುಳು ನಿಧಾನವಾಗಿ ಹೊಂದಿಕೊಳ್ಳುತ್ತದೆ, ಕಾಯಬೇಕಾದ್ದು ಅದಕ್ಕಾಗಿ.

ನಿದ್ದೆ ತೀರಾ ಇಲ್ಲದವರಿಗೆ ಕ್ಲೋನಜೆಪಾಂ 0.25 ಅಥವಾ 0.5 ಜೊತೆಗೆ ಕೊಡುವುದುಂಟು. ಎರಡು ಮೂರು ವಾರಕ್ಕೆ ನಿಲ್ಲಿಸಬೇಕು. ಚಟವಾಗುವುದು ಇದು. ದುರದೃಷ್ಟಕ್ಕೆ ಜನ ಖಿನ್ನತೆಯ ಗುಳಿಗೆ ಬಿಟ್ಟು ಇದನ್ನೇ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುತ್ತಾ ಹೋಗುತ್ತಾರೆ, ಏಕೆಂದರೆ ಇದು ಮೊದಲ ರಾತ್ರಿಯೇ ಫಲ ಕೊಡುತ್ತದೆ.

ಎರಡನೇ ಭೇಟಿ ಹತ್ತರಿಂದ ಹದಿನಾಲ್ಕು ದಿನದೊಳಗೆ ಆಗಬೇಕು. "ತಿಂಗಳು ಬಿಟ್ಟು ಬನ್ನಿ" ಎಂದು ಬರೆದರೆ, ಗುಳಿಗೆಯ ತೊಂದರೆ ಮಾತ್ರ ಕಾಣುವ, ಲಾಭ ಕಾಣದ ಹೊತ್ತಿನಲ್ಲಿ ರೋಗಿಯನ್ನು ಒಂಟಿಯಾಗಿ ಬಿಟ್ಟಂತೆ. ಆ ಭೇಟಿಯಲ್ಲಿ "ಗುಳಿಗೆ ಸರಿಯಾಗಿ ತಗೊಂಡ್ರಾ?" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. "ವಾರದಲ್ಲಿ ಎಷ್ಟು ದಿನ ಮರೆತುಹೋಯ್ತು?" ಎಂದು ಕೇಳಿದರೆ ನಿಜ ಬರುತ್ತದೆ. ಗುಳಿಗೆಯ ಸ್ಟ್ರಿಪ್ ತರಲು ಹೇಳಿ, ಉಳಿದದ್ದನ್ನು ಎಣಿಸಿ. ಹದಿನಾಲ್ಕು ದಿನಕ್ಕೆ ಆರು ಉಳಿದಿದ್ದರೆ ಬೈಯುವ ಅಗತ್ಯವಿಲ್ಲ, ಯಾವ ದಿನದಿಂದ ಬಿಟ್ಟರು, ಆ ದಿನ ಏನಾಯಿತು ಎಂದು ಕೇಳಿ.

ಗುಣವಾಗುವುದಕ್ಕೂ ಒಂದು ಕ್ರಮವಿದೆ. ಸಾಮಾನ್ಯವಾಗಿ ಮೊದಲು ನಿದ್ದೆ, ಹಸಿವು. ಆಮೇಲೆ ಮೈಯ ಶಕ್ತಿ. ಬೇಸರ, ನಿರಾಶೆ ಕೊನೆಗೆ. ರೋಗಿ "ಏನೂ ವ್ಯತ್ಯಾಸ ಇಲ್ಲ" ಎನ್ನುವಾಗಲೇ ಸೊಸೆ "ಈಗ ಎರಡು ಚಪಾತಿ ತಿಂತಾರೆ, ಮೊನ್ನೆ ಫೋನ್ ಎತ್ತಿ ಮಾತಾಡಿದ್ರು" ಎನ್ನುತ್ತಾಳೆ. ಮನೆಯವರ ಕಣ್ಣಿಗೆ ಮೊದಲು ಕಾಣುತ್ತದೆ, ಆದ್ದರಿಂದ ಅವರೂ ಬರಬೇಕು. ಈ ಕ್ರಮದಲ್ಲೇ ಒಂದು ಅಪಾಯವೂ ಅಡಗಿದೆ. ಶಕ್ತಿ ಬಂದು ನಿರಾಶೆ ಇನ್ನೂ ಇಳಿಯದ ಆ ಎರಡು ಮೂರು ವಾರ, ಮುಂಚೆ ಏಳಲೂ ಆಗದವರು ಏನಾದರೂ ಮಾಡಿಕೊಳ್ಳುವಷ್ಟು ಚುರುಕಾಗಿರುತ್ತಾರೆ. ಇಪ್ಪತ್ತೈದರ ಒಳಗಿನವರಲ್ಲಿ ಇನ್ನೂ ಎಚ್ಚರ ಬೇಕು. "ಚೆನ್ನಾಗಾಗ್ತಿದಾರೆ" ಎಂದು ಮನೆಯವರು ಕಾವಲು ಸಡಿಲಿಸುವುದು ಸರಿಯಾಗಿ ಆಗಲೇ.

ಸರಿಯಾದ ಪ್ರಮಾಣದಲ್ಲಿ ನಾಲ್ಕು ವಾರ ಕಳೆದರೂ ಅಂಕ ಕದಲದಿದ್ದರೆ ಪ್ರಮಾಣ ಏರಿಸಬೇಕು: ಎಸ್ಸಿಟಲೋಪ್ರಾಮ್ 20ರವರೆಗೆ (ವಯಸ್ಸಾದವರಿಗೆ 10ಕ್ಕೇ ನಿಲ್ಲಿಸುವುದು ವಾಡಿಕೆ), ಸರ್ಟ್ರಲಿನ್ 100, 150, ಗರಿಷ್ಠ 200. ಆರರಿಂದ ಎಂಟು ವಾರಕ್ಕೂ ಆಗದಿದ್ದರೆ ಗುಳಿಗೆ ಬದಲಿಸಬೇಕು. ಅಮೆರಿಕದಲ್ಲಿ ನಾಲ್ಕು ಸಾವಿರ ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಸ್ಟಾರ್-ಡಿ ಅಧ್ಯಯನದಲ್ಲಿ ಮೊದಲ ಗುಳಿಗೆಯಿಂದ ಪೂರ್ತಿ ಗುಣವಾದವರು ಸುಮಾರು ಮೂರನೇ ಒಂದು ಭಾಗ ಮಾತ್ರ. ಎರಡನೆಯದು ಇನ್ನೊಂದಿಷ್ಟು ಜನರನ್ನು ಎತ್ತುತ್ತದೆ. ಹಾಗಾಗಿ ಮೊದಲ ಗುಳಿಗೆ ಹಿಡಿಯದಿದ್ದರೆ ರೋಗಿ "ನನ್ನ ಕಾಯಿಲೆಗೆ ಮದ್ದೇ ಇಲ್ಲ" ಎಂದುಕೊಳ್ಳಬಾರದು, ಅದನ್ನೂ ಮೊದಲೇ ಹೇಳಿಡಬೇಕು.

ಮನೋವೈದ್ಯನ ವೃತ್ತಿಜೀವನದ ಮೊದಲ ವರ್ಷಗಳ ತಪ್ಪು ಸಾಮಾನ್ಯವಾಗಿ ಇಲ್ಲೇ ಆಗುತ್ತದೆ. ಮೂರು ವರ್ಷದ ಎಂ.ಡಿ.ಯಲ್ಲಿ ಕಲಿಯುವುದು ಹೆಚ್ಚಾಗಿ ವಾರ್ಡಿನಲ್ಲಿ, ತೀವ್ರ ರೋಗಿಗಳ ನಡುವೆ. ಹೊರಗೆ ಬಂದು ಕ್ಲಿನಿಕ್ಕಿನಲ್ಲಿ ಕೂತಾಗ ರೋಗಿಗೂ ಅವಸರ, ವೈದ್ಯರಿಗೂ ಅವಸರ. ಹತ್ತು ದಿನಕ್ಕೆ ಗುಳಿಗೆ ಬದಲಾಗುತ್ತದೆ, ಇಪ್ಪತ್ತು ದಿನಕ್ಕೆ ಇನ್ನೊಂದು ಸೇರುತ್ತದೆ. ಮೂರು ತಿಂಗಳಿಗೆ ಚೀಟಿಯಲ್ಲಿ ಐದು ಹೆಸರು, ಯಾವುದನ್ನೂ ಪೂರ್ತಿ ಪ್ರಮಾಣದಲ್ಲಿ ಪೂರ್ತಿ ಅವಧಿ ಕೊಟ್ಟಿರುವುದಿಲ್ಲ. ಅನುಭವ ಕಲಿಸುವುದು ಮುಖ್ಯವಾಗಿ ಕಾಯುವುದನ್ನು, ಕಾಯುವಾಗ ರೋಗಿಯ ಕೈಬಿಡದಿರುವುದನ್ನು. ಪ್ರತಿ ಗುಳಿಗೆಯ ಎದುರು ಪ್ರಮಾಣ, ಶುರುವಾದ ದಿನ, ನಿಂತ ದಿನ, ನಿಲ್ಲಲು ಕಾರಣ ಬರೆದಿಡುವುದು ಸಣ್ಣ ಅಭ್ಯಾಸ. ಹತ್ತು ವರ್ಷದ ಮೇಲೆ ಅದೇ ರೋಗಿ ಅದೇ ಫೈಲ್ ಹಿಡಿದು ಬಂದಾಗ ಅರ್ಧ ದಾರಿ ಆಗಲೇ ಮುಗಿದಿರುತ್ತದೆ.

ಗುಳಿಗೆ ಬಿಡಲು ಜನ ಹೇಳದ ಕಾರಣವೊಂದಿದೆ: ಲೈಂಗಿಕ ತೊಂದರೆ. ಗಂಡಸರು ಹೇಳುವುದಿಲ್ಲ, ಹೆಂಗಸರನ್ನು ಯಾರೂ ಕೇಳುವುದೇ ಇಲ್ಲ. ಇಬ್ಬರನ್ನೂ ಕೇಳಬೇಕು, ಒಬ್ಬರೇ ಇದ್ದಾಗ ಕೇಳಬೇಕು. ಪ್ರಮಾಣ ಇಳಿಸಬಹುದು, ಬ್ಯುಪ್ರೊಪಿಯಾನ್‌ಗೋ ಮಿರ್ಟಜಪಿನ್‌ಗೋ ಬದಲಿಸಬಹುದು. ವಯಸ್ಸಾದವರಲ್ಲಿ ಎರಡನೇ ವಾರ ಮಂಕು, ತೂಕಡಿಕೆ, ತಡವರಿಸುವಿಕೆ ಕಂಡರೆ ಖಿನ್ನತೆ ಹೆಚ್ಚಾಯಿತೆಂದು ಗುಳಿಗೆ ಏರಿಸುವ ಮೊದಲು ರಕ್ತದ ಸೋಡಿಯಂ ಇಳಿದಿದೆಯೇ ನೋಡಿ, ಬಿಪಿಗೆ ಮೂತ್ರ ಹೆಚ್ಚಿಸುವ ಗುಳಿಗೆ ತಗೊಳ್ಳುವವರಲ್ಲಿ ಖಂಡಿತ ನೋಡಿ. ಮಂಡಿನೋವಿಗೆ ದಿನಾ ಡೈಕ್ಲೋಫೆನಾಕ್ ನುಂಗುವವರಿಗೆ ಈ ಗುಳಿಗೆಗಳ ಜೊತೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ಟ್ರಮಡಾಲ್ ಸೇರಿದರೆ ನಡುಕ, ಬೆವರು, ಜ್ವರದ ಸಿರೋಟೋನಿನ್ ಸಿಂಡ್ರೋಮ್ ಬರಬಹುದು. ಮನೋವೈದ್ಯರಿಗೆ ಉಳಿದ ಚೀಟಿಗಳನ್ನೂ ತೋರಿಸಿ ಎಂದು ಹೇಳುವುದು ಇದಕ್ಕೇ.

ಗುಳಿಗೆ ಇಲ್ಲದ ಚಿಕಿತ್ಸೆಯನ್ನು ನಮ್ಮಲ್ಲಿ "ಕೌನ್ಸೆಲಿಂಗ್" ಎಂಬ ಒಂದೇ ಪದದಲ್ಲಿ ಮುಗಿಸುತ್ತಾರೆ, ಅದು "ಧೈರ್ಯ ತಂದುಕೊಳ್ಳಿ" ಎಂಬ ಉಪದೇಶವಾಗಿ ಉಳಿಯುತ್ತದೆ. ಕೆಲಸ ಮಾಡುವುದು ಬೇರೆ ಥರದ್ದು: ಬಿಹೇವಿಯರಲ್ ಆಕ್ಟಿವೇಶನ್, ಅಂದರೆ ಸಣ್ಣ ಸಣ್ಣ ಚಟುವಟಿಕೆಗಳ ಮೂಲಕ ಮನಸ್ಸನ್ನು ಎತ್ತುವ ಚಿಕಿತ್ಸೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಅಲ್ಲದ, ತರಬೇತಿ ಪಡೆದ ಸ್ಥಳೀಯರು ಆರರಿಂದ ಎಂಟು ಭೇಟಿಗಳಲ್ಲಿ ಈ ಚಿಕಿತ್ಸೆ ಕೊಟ್ಟು ತೀವ್ರ ಖಿನ್ನತೆಯಲ್ಲೂ ಫಲ ಕಂಡದ್ದು 2017ರಲ್ಲಿ ಪ್ರಕಟವಾಗಿದೆ. ತಿರುಳು ಸರಳ. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾದರೆ ಮನಸ್ಸು ಬರುವುದಿಲ್ಲ, ಮಾಡುತ್ತಾ ಹೋದರೆ ಮನಸ್ಸು ಹಿಂದೆ ಬರುತ್ತದೆ. ಮೊದಲ ವಾರ ಒಂದು ನೋಟ್‌ಪುಸ್ತಕದಲ್ಲಿ ಗಂಟೆ ಗಂಟೆಗೆ ಏನು ಮಾಡಿದೆ, ಆಗ ಮನಸ್ಸು ಹತ್ತಕ್ಕೆ ಎಷ್ಟಿತ್ತು ಎಂದು ಬರೆಯುವುದು. ಮಧ್ಯಾಹ್ನ ಮಲಗಿದ ಮೂರು ಗಂಟೆ ಎರಡಕ್ಕೆ ಇಳಿದಿತ್ತು, ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸಿದ ಅರ್ಧ ಗಂಟೆ ನಾಲ್ಕಕ್ಕೆ ಏರಿತ್ತು ಎಂಬುದು ಅವರ ಕೈಬರಹದಲ್ಲೇ ಕಾಣುತ್ತದೆ. ಎರಡನೇ ವಾರ ಆ ಅರ್ಧ ಗಂಟೆಯನ್ನು ಮಧ್ಯಾಹ್ನ ಮಲಗುವ ಹೊತ್ತಿಗೆ ಸರಿಸುವುದು. "ದಿನಾ ವಾಕಿಂಗ್ ಹೋಗಿ" ಎಂಬ ಸಲಹೆ ನೆಲಕಚ್ಚುವುದು ಅದು ದೊಡ್ಡದಾದ್ದರಿಂದ. "ಬೆಳಿಗ್ಗೆ ಏಳಕ್ಕೆ ಕಾಫಿ ಲೋಟ ಹಿಡ್ಕೊಂಡು ಜಗಲಿ ಮೇಲೆ ಹತ್ತು ನಿಮಿಷ" ಎಂದರೆ ಆಗುತ್ತದೆ.

ಜನ "ಕರೆಂಟ್ ಕೊಡೋದು" ಎಂದು ಹೆದರುವ ಇಸಿಟಿ, ಅಂದರೆ ಮೆದುಳಿಗೆ ಅಳತೆಯ ವಿದ್ಯುತ್ ಹಾಯಿಸಿ ಫಿಟ್ಸ್ ತರಿಸುವ ಚಿಕಿತ್ಸೆ, 1938ರಿಂದ ಇದೆ. ಊಟ ನೀರು ಬಿಟ್ಟವರಿಗೆ, ಮಾತು ನಿಂತವರಿಗೆ, ಸಾಯುವ ಹಟ ಬಿಡದವರಿಗೆ ಇದು ಗುಳಿಗೆಗಿಂತ ಬಹಳ ಬೇಗ ಕೆಲಸ ಮಾಡುತ್ತದೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಕೊಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಬೆಳಿಗ್ಗೆ ಖಾಲಿ ಹೊಟ್ಟೆ, ಅರಿವಳಿಕೆ, ಒಂದು ನಿಮಿಷದೊಳಗಿನ ಫಿಟ್ಸ್, ಅರ್ಧ ಗಂಟೆಯಲ್ಲಿ ಎಚ್ಚರ. ವಾರಕ್ಕೆ ಎರಡು ಮೂರು, ಒಟ್ಟು ಆರರಿಂದ ಹನ್ನೆರಡು. ಆ ವಾರಗಳ ನೆನಪು ಕೆಲವರಿಗೆ ಮರಳುವುದಿಲ್ಲ, ಅದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಮುಗಿದ ಮೇಲೆ ಗುಳಿಗೆ ಬಿಟ್ಟರೆ ಹೆಚ್ಚಿನವರಿಗೆ ಕಾಯಿಲೆ ತಿಂಗಳುಗಳಲ್ಲೇ ವಾಪಸು.

ಎಲ್ಲಿ ಹೋಗಬೇಕು ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಉತ್ತರ ಇದೆ. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿಕೊಳ್ಳಿ. ರಾತ್ರಿ ಹೊತ್ತು ಮಾತಾಡಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ, 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ, ನಿಲ್ಲಿಸುವುದು. ಪೂರ್ತಿ ಗುಣವಾದ ದಿನದಿಂದ ಆರರಿಂದ ಒಂಬತ್ತು ತಿಂಗಳು ಅದೇ ಪ್ರಮಾಣ ಮುಂದುವರಿಯಬೇಕು. ಮತ್ತೆ ಮತ್ತೆ ಬಂದ ಕಾಯಿಲೆಯಾದರೆ ಎರಡು ವರ್ಷ ಅಥವಾ ಹೆಚ್ಚು. ಎಸ್ಸಿಟಲೋಪ್ರಾಮ್ 10 ಇದ್ದರೆ 5ಕ್ಕೆ ಇಳಿಸಿ ನಾಲ್ಕು ವಾರ, ಅದರ ಅರ್ಧಕ್ಕೆ ಇನ್ನು ಕೆಲವು ವಾರ, ಆಮೇಲೆ ನಿಲ್ಲಿಸುವುದು. ವೆನ್ಲಾಫ್ಯಾಕ್ಸಿನ್, ಪ್ಯಾರಾಕ್ಸಿಟಿನ್ ಇನ್ನೂ ನಿಧಾನ. ಫ್ಲೂಯಾಕ್ಸಿಟಿನ್ ದೇಹದಲ್ಲಿ ವಾರಗಟ್ಟಲೆ ಉಳಿಯುವುದರಿಂದ ಅಷ್ಟು ಕಷ್ಟವಿಲ್ಲ. ಸುಗ್ಗಿ, ಮಗಳ ಮದುವೆ, ವರ್ಗಾವಣೆ ಇರುವ ತಿಂಗಳಲ್ಲಿ ಇಳಿಸಬೇಡಿ. ಇಳಿಸಿದ ಎರಡು ಮೂರು ದಿನದಲ್ಲೇ ತಲೆಸುತ್ತು, ಕರೆಂಟ್ ಹೊಡೆದಂಥ ಝುಮ್ಮೆನ್ನುವಿಕೆ, ವಿಚಿತ್ರ ಕನಸು ಬಂದರೆ ಅದು ಗುಳಿಗೆ ಬೇಗ ಇಳಿದದ್ದರ ತೊಂದರೆ, ಹಿಂದಿನ ಪ್ರಮಾಣಕ್ಕೆ ಹೋಗಿ ಮತ್ತೆ ನಿಧಾನವಾಗಿ ಇಳಿಸಿದರೆ ಸರಿಹೋಗುತ್ತದೆ. ವಾರಗಳು ಕಳೆದ ಮೇಲೆ ಹಳೆಯ ಲಕ್ಷಣಗಳೇ ಒಂದೊಂದಾಗಿ ಮರಳಿದರೆ ಅದು ಕಾಯಿಲೆ.

ಪ್ರತಿಯೊಬ್ಬರಿಗೂ ಮೊದಲು ಮರಳುವ ಲಕ್ಷಣ ಒಂದಿರುತ್ತದೆ, ಬಹುಪಾಲು ಪ್ರತಿ ಸಲವೂ ಅದೇ. ಒಬ್ಬರಿಗೆ ಬೆಳಗಿನ ಜಾವದ ಎಚ್ಚರ, ಒಬ್ಬರಿಗೆ ಮೈ ಉರಿ, ಒಬ್ಬರಿಗೆ ಫೋನ್ ಬಂದರೂ ಎತ್ತಬೇಕೆನಿಸದಿರುವುದು. ಗುಳಿಗೆ ನಿಲ್ಲಿಸುವ ದಿನ ರೋಗಿ, ಮನೆಯವರು, ವೈದ್ಯರು ಮೂವರೂ ಕೂತು ಅದನ್ನು ಫೈಲಿನ ಒಳರಟ್ಟಿನ ಮೇಲೆ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆದಿಡಬೇಕು: "ಮೂರೂವರೆಗೆ ಎಚ್ಚರ ಆಗೋಕೆ ಶುರುವಾದ್ರೆ ಒಂದು ವಾರ ನೋಡೋದು. ಎರಡನೇ ವಾರಾನೂ ಹಂಗೇ ಇದ್ರೆ ಅಪಾಯಿಂಟ್‌ಮೆಂಟ್ ಕಾಯದೆ ಬರೋದು."